ಐದು ತೂತಿನ ಗಾಲಿ

ಯಾವ ಆಸೆ ಯಾವ ವಯಸ್ಸಿಗೆ ಬರಬೇಕು ಎಂಬುದಕ್ಕೆ ಒಂದು ಶಿಸ್ತು ಇರಬೇಕಿತ್ತು. ಇಪ್ಪತ್ತಕ್ಕೆ ಹಿಡಿಯಬೇಕಾದ ಜೀಪಿನ ಹುಚ್ಚು ನನಗೆ ಐವತ್ತಮೂರಕ್ಕೆ ಹಿಡಿಯಿತು. ಇಳಕಲ್ಲಿನಲ್ಲಿ ನನ್ನದು ಕುಣಿಮಗ್ಗ. ಮೂವತ್ತು ವರ್ಷ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯ್ದವನಿಗೆ ಎತ್ತರದ ಮೇಲೆ ಮನಸ್ಸಾಗುವುದು ಸಹಜ ಎಂಬುದು ನನ್ನ ವಾದ. "ಎತ್ತರ ಬೇಕಂದ್ರ ಮಾಳಗಿ ಮ್ಯಾಲ ಹೋಗಿ ಕುಂದರ್ರಿ" ಎಂಬುದು ಹೆಂಡತಿ ಗೌರವ್ವನ ವಾದ. ಆದರೂ ಹಳೆಯ ಜೀಪು ಮನೆಗೆ ಬಂದ ದಿನ ಆಕೆ ಅದಕ್ಕೆ ಕುಂಕುಮ ಹಚ್ಚಿ, ಸುತ್ತ ಒಂದು ಸುತ್ತು ಹಾಕಿ, "ಇದು ಗುಡ್ಡಾ ಏರ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಯಾವ ಗುಡ್ಡವೆಂದು ನನಗೆ ಗೊತ್ತಿತ್ತು. ಗೌರವ್ವನ ತವರೂರು ಬಾಗಲಕೋಟೆ ಕಡೆಯ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಮೂರ್ನಾಲ್ಕು ವಾರ ಮಾತ್ರ ಅಲ್ಲಿನ ಗೋಡೆಗಳು ತಲೆ ಎತ್ತುತ್ತವೆ. ದಡದ ತುಂಬ ಕೆಸರು. ನೋಡಬೇಕೆಂದರೆ ಎದುರಿನ ಕಲ್ಲುಗುಡ್ಡ ಹತ್ತಬೇಕು, ಅದಕ್ಕೆ ಆಕೆಯ ಮೊಣಕಾಲು ಒಪ್ಪುವುದಿಲ್ಲ. "ನಮ್ಮನಿ ಪಡಸಾಲಿ ಗ್ವಾಡಿ ಒಮ್ಮೆ ಕಣ್ಣಿಗೆ ಬಿದ್ರ ಸಾಕು" ಎನ್ನುತ್ತಿದ್ದಳು. ಈ ಬೇಸಿಗೆಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟೆ.

ಕೊಟ್ಟ ಮಾತಿನಂತೆ ಹೋಗಿ ಬಂದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ನಾನು ಮೊಬೈಲಿನಲ್ಲಿ ಜೀಪುಗಳ ವಿಡಿಯೊ ನೋಡಲು ಶುರು ಮಾಡಿದ್ದೆ. ಅಗಲ ಟೈರು, ಕರಿ ಅಲಾಯ್ ಗಾಲಿ, ಬಂಡೆಯ ಮೇಲೆ ಬೆಕ್ಕಿನಂತೆ ಏರುವ ಗಾಡಿಗಳು. ಅದನ್ನೆಲ್ಲ ನೋಡಿ ಹೊರಗೆ ಬಂದರೆ ನನ್ನ ಜೀಪಿನ ಬಡಕಲು ಗಾಲಿಗಳನ್ನು ಕಂಡು ನನಗೇ ನಾಚಿಕೆಯಾಗುತ್ತಿತ್ತು. ಮಗ್ಗದ ಮುಂದೆ ಕೂತರೂ ಗಾಲಿಯದೇ ಧ್ಯಾನ. ಎಳೆ ಹರಿದದ್ದೂ ತಿಳಿಯುತ್ತಿರಲಿಲ್ಲ. ನೀರು ಇಳಿಯುತ್ತಿದೆ ಎಂಬ ಸುದ್ದಿ ಬಂದ ವಾರವೇ ನಾನು ಬಾಗಲಕೋಟೆಯ ಒಂದು ಅಂಗಡಿಗೆ ಹೋದೆ. "ಅಳತಿ ತಂದೀರೇನ್ರಿ?" ಎಂದು ಅಂಗಡಿಯವನು ಕೇಳಿದ. "ಐದು ತೂತು" ಎಂದು ಗತ್ತಿನಿಂದ ಹೇಳಿದೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಈ ಕಡೆ ಎಷ್ಟು ಎಳೆಯೋ ಆ ಕಡೆಯೂ ಅಷ್ಟೇ ಇದ್ದರೆ ಕೆಲಸವಾದಂತೆಯೇ. ಕೂದಲೆಳೆಯ ಹೆಚ್ಚುಕಡಿಮೆಯನ್ನು ನೂಲು ತಾನೇ ಸರಿಮಾಡಿಕೊಳ್ಳುತ್ತದೆ. ಜೀಪಿನಲ್ಲಿ ಐದು ಬೋಲ್ಟು, ಗಾಲಿಯಲ್ಲಿ ಐದು ತೂತು. ಲೆಕ್ಕ ಕೂಡಿತಲ್ಲ, ಮತ್ತೇನು ಬೇಕು? ನಾಲ್ಕೂ ಗಾಲಿ ಹೇರಿಕೊಂಡು ಹುನಗುಂದದ ಮೆಕ್ಯಾನಿಕ್ ಮಾಬುಸಾಬನ ಮುಂದೆ ಇಳಿಸಿದೆ.

ಅವನು ಟೇಪು ಹಿಡಿದು ನೋಡಿದ. "ಐದು ಖರೆ ಐತ್ರಿ. ಆದ್ರ ನಿಮ್ಮ ಬೋಲ್ಟ್ ಐದೂವರಿ ಇಂಚಿನ ದುಂಡಿನ್ಯಾಗ ಕುಂತಾವ. ಈ ತೂತು ನಾಕೂವರಿ ಇಂಚಿನ ದುಂಡಿನ್ಯಾಗ ಅದಾವ."

"ಒಂದೀಟ ಜಗ್ಗಿದ್ರ?" ಎಂದೆ.

ಮಾಬುಸಾಬ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡ. "ಸೀರಿ ಅಲ್ರಿ ಇದು. ನಿಮ್ಮ ಹಳೀ ಗಾಲಿ ಭಾಳ ಗಟ್ಟಿ ಅದಾವ. ಅದ್ರಾಗ ಹೋಗಿ ಬರ್ರಿ."

ಒಳ್ಳೆಯ ಮಾತು ಕೇಳುವ ಬುದ್ಧಿ ಇದ್ದಿದ್ದರೆ ನಾನು ಜೀಪೇ ಕೊಳ್ಳುತ್ತಿರಲಿಲ್ಲ. ಗಾಲಿ ಬದಲಿಸಿ ಕೊಡಲು ಅಂಗಡಿಯವನು ಎರಡು ವಾರ ಎಂದ, ಆಮೇಲೆ ಇನ್ನೊಂದು ವಾರ ಎಂದ. ದಿನಾ ಬೆಳಿಗ್ಗೆ ಚಹಾ ಕೊಡುವಾಗ ಗೌರವ್ವ, "ಇವತ್ತ ಹೋಗೂಣೇನ್ರಿ?" ಎನ್ನುತ್ತಿದ್ದಳು. "ಗಾಲಿ ಬರ್ಲಿ ತಡಿ" ಎನ್ನುತ್ತಿದ್ದೆ. ಕೊನೆಕೊನೆಗೆ ಆಕೆ ಕೇಳುವುದನ್ನೇ ಬಿಟ್ಟಳು. ನಾನು ಅದನ್ನು ತಾಳ್ಮೆ ಎಂದುಕೊಂಡೆ.

ಅಂತೂ ಸರಿಯಾದ ಗಾಲಿ ಬಂದವು. ಓಣಿಯವರೆಲ್ಲ ಬಂದು ಮುಟ್ಟಿ ನೋಡಿದರು. ಮರುದಿನವೇ ಹೊರಟೆವು. ಗಾಲಿಯ ಬಗ್ಗೆ ಎರಡು ಮಾತಿಲ್ಲ; ಜೀಪು ಕಲ್ಲುಗಳ ಮೇಲೆ ಸರಾಗವಾಗಿ ಏರಿತು. ನೆತ್ತಿಯಲ್ಲಿ ಇಳಿದು ನೋಡಿದರೆ ಕಣ್ಣು ಹಾಯುವಷ್ಟು ದೂರ ನೀರು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ಬಂದುಬಿಟ್ಟಿತ್ತು.

ಅಲ್ಲೊಬ್ಬ ಮುದುಕ ಕುರಿ ಬಿಟ್ಟುಕೊಂಡು ಕುಳಿತಿದ್ದ. ಹಣೆಗೆ ಬೀರಪ್ಪನ ಭಂಡಾರದ ಅರಿಶಿನ, ಪಕ್ಕದಲ್ಲಿ ಟೈರು ಸವೆದು ಬೋಳಾದ ಒಂದು ಮೊಪೆಡ್ಡು. ದಿನಾ ಅದರ ಮೇಲೇ ಹತ್ತಿ ಬರುತ್ತಾನಂತೆ. "ಎಂಟ ದಿನದ ಹಿಂದ ಬರಬೇಕಿತ್ತ ಯವ್ವಾ. ಗ್ವಾಡಿ, ಕಟ್ಟಿ ಎಲ್ಲಾ ಎದ್ದು ಕಾಣ್ತಿದ್ವು" ಎಂದ.

"ಒಂದ ಗ್ವಾಡಿಗೆ ಹಸರ ಬಣ್ಣ ಇತ್ತೇನ?" ಗೌರವ್ವ ಕೇಳಿದಳು.

"ಇತ್ತಲ್ಲಾ. ಊರ ಅಗಸಿ ಬಾಗಲ ಬಾಜೂಕ."

ಆಕೆ ಸೆರಗಿನಿಂದ ಕಣ್ಣೊತ್ತಿಕೊಂಡು ನೀರನ್ನೇ ನೋಡುತ್ತ ನಿಂತಳು. "ಮುಂದಿನ ಬ್ಯಾಸಗಿಗೆ ಖರೇನ ಕರ್ಕೊಂಡ ಬರ್ತೇನಿ" ಎಂದೆ.

"ಯಪ್ಪಾ, ಮುಂದಿನ ಬ್ಯಾಸಗಿಗೆ ನಾ ಬಸ್ಸಿಗೆ ಬರ್ತೇನಿ" ಎಂದು ಮುದುಕನಿಗೆ ಹೇಳಿದಳು. "ನಿನ್ನ ಗಾಡಿ ಹಿಂದ ಕುಂದರಿಸ್ಕೊಂಡ ಮ್ಯಾಲ ತರ್ತೀಯೇನು?"

ಮುದುಕ ಒಮ್ಮೆ ಜೀಪನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಬಾ ಯವ್ವಾ" ಎಂದ. ಏನು ಮಾಡಬೇಕೆಂದು ತಿಳಿಯದೆ ನಾನು ಟವೆಲ್ ತೆಗೆದು ಹೊಸ ಗಾಲಿಗೆ ಹತ್ತಿದ್ದ ಕೆಮ್ಮಣ್ಣನ್ನು ಒರೆಸತೊಡಗಿದೆ.