ಮಲಾಯಿಗೆ ಹಗ್ಗ ಕಟ್ಟಿದ ಭಾನುವಾರ

ನಾನು ಶಹಾಬಾದದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ನನ್ನ ಒಂದು ಸೀಟಿಗೆ ಇಡೀ ಮೈದಾನ ಎಡಗಾಲು ಎತ್ತುತ್ತದೆ. ಇಂಥ ನನಗೆ ಒಂದು ಬೆಕ್ಕನ್ನು ಬೀದಿಯಲ್ಲಿ ನಡೆಸುವುದು ಯಾವ ಲೆಕ್ಕ ಎಂದುಕೊಂಡೆ. ನನ್ನ ಅಧಃಪತನ ಅಲ್ಲಿಂದಲೇ ಆರಂಭ.

ಬೆಕ್ಕಿನ ಹೆಸರು ಮಲಾಯಿ. ಹಾಲಿನ ಕೆನೆಯ ಬಣ್ಣ, ನನ್ನಂತೆಯೇ ಶಾಲೆಯಲ್ಲಿ ಕಲಿಸುವ ಹೆಂಡತಿ ಸುಜಾತಾಳ ಜೀವ. ಓಣಿಯ ನಾಯಿಗಳಿಗೆ ಹೆದರಿ ಆಕೆ ಅದನ್ನು ಹೊಸ್ತಿಲು ದಾಟಲು ಬಿಟ್ಟವಳಲ್ಲ. ಅದು ಕಿಟಕಿಯಲ್ಲಿ ಕುಳಿತು, ಜೈಲಿಗೆ ಹಾಕಿಸಿದವರನ್ನು ನೋಡುವಂತೆ ನಮ್ಮನ್ನು ನೋಡುತ್ತಿತ್ತು. ಯಾವುದೋ ದೇಶದ ಮುದುಕನೊಬ್ಬ ಬೆಕ್ಕಿಗೆ ಹಗ್ಗ ಕಟ್ಟಿ ಪಾರ್ಕಿನಲ್ಲಿ ತಿರುಗಾಡಿಸುವುದನ್ನು ಮೊಬೈಲಿನಲ್ಲಿ ನೋಡಿದ ನಾನು ಅಂಥದೇ ಎದೆಪಟ್ಟಿ, ಕೆಂಪು ಹಗ್ಗ ತರಿಸಿಬಿಟ್ಟೆ.

"ಏನರೆ ಮಾಡ್ಕೋರಿ. ಆದ್ರ ನಾ ಇಲ್ದಾಗ ಅದನ್ನ ಹೊರಗ ಒಯ್ಯಬ್ಯಾಡ್ರಿ" ಎಂದಳು ಸುಜಾತಾ.

ಭಾನುವಾರ ಆಕೆ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ತವರೂರು ಆಡಕಿಗೆ ಹೋದಳು. ಮಧ್ಯಾಹ್ನ ಊಟವಾದದ್ದೇ ತಡ, ನಾನು ಮಲಾಯಿಗೆ ಪಟ್ಟಿ ಬಿಗಿದೆ. ಹಗ್ಗದ ತುದಿ ತಪ್ಪಬಾರದೆಂದು ಮುಂಗೈಗೆ ಸುತ್ತಿ ಗಂಟು ಹಾಕಿಕೊಂಡೆ.

ರಸ್ತೆಗಿಳಿದ ಮಲಾಯಿ ಮೈಯಲ್ಲಿ ಎಲುಬೇ ಇಲ್ಲದಂತೆ ನೆಲಕ್ಕೆ ಒರಗಿತು. ಸೀಟಿ ಊದಿದೆ. ಏಳಲಿಲ್ಲ. ಸ್ಕೂಟರಿನವನೊಬ್ಬ ನಿಂತು, "ಸರ್, ಅರಾಮಿಲ್ಲೇನ್ರಿ ಅದಕ್ಕ? ಎಳ್ಕೊಂಡು ಹೊಂಟೀರಿ?" ಎಂದು ಕೇಳಿದ. ಉತ್ತರ ಕೊಡುವಷ್ಟರಲ್ಲಿ ಎಲ್ಲೋ ನಾಯಿ ಬೊಗಳಿತು. ಎಲುಬಿಲ್ಲದ ಬೆಕ್ಕು ಬಾಣವಾಯಿತು. ಹಿಂದೆ ನಾನು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ.

ಓಣಿಯ ಕೊನೆಗೆ ನೆಲಹಾಸಿನ ಕಲ್ಲು ಮಾರುವ ಜಹಾಂಗೀರನ ಅಂಗಳ. ಪಾಲಿಶ್ ಮಾಡಿದ ಫರಸಿ ಕಲ್ಲುಗಳನ್ನು ಸಾಲಾಗಿ ಒಂದಕ್ಕೊಂದು ಆನಿಸಿ ನಿಲ್ಲಿಸಿರುತ್ತಾನೆ. ಮಲಾಯಿ ಅವುಗಳ ನಡುವಿನ ಸಂದಿಗೆ ನುಗ್ಗಿತು. ಹಗ್ಗದ ಜೊತೆ ನನ್ನ ಕೈಯೂ ಹೆಗಲವರೆಗೆ ಒಳಗೆ ಹೋಯಿತು. ಕೆನ್ನೆ ಕಲ್ಲಿಗಂಟಿತು. ಕೈ ಹಿಂದಕ್ಕೆ ಜಗ್ಗಿದರೆ ಕಲ್ಲು ಕಿರ್ ಎಂದಿತು.

"ಸರ್, ಹಂಗ ಜಗ್ಗಬ್ಯಾಡ್ರಿ" ಎನ್ನುತ್ತ ಜಹಾಂಗೀರ ಓಡಿಬಂದ. "ಒಂದು ಫರಸಿ ಜಾರಿತಂದ್ರ ಎಲ್ಲಾ ಮಲಗ್ತಾವ."

"ಒಳಗ ಬೆಕ್ಕದ ಜಹಾಂಗೀರ."

"ಅದಕ್ಕೇ ಹೇಳ್ಲಿಕತ್ತೀನ್ರಿ."

ಜಗ್ಗುವುದನ್ನು ಅಲ್ಲಿಗೇ ಬಿಟ್ಟೆ. ಒಳಗಿನಿಂದ ಮಿಯಾಂವ್ ಇಲ್ಲ, ಉಸಿರಿಲ್ಲ. ಹಗ್ಗ ಮಿಸುಕುತ್ತಿಲ್ಲ. ಕೊರಳಿಗೆ ಉರುಲು ಬಿತ್ತೇ? ಕಲ್ಲಿನ ನಡುವೆ ಸಿಕ್ಕಿತೇ? ಸುಜಾತಾಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ. 'ಬಾಗಿಲು ತೆರೆದಿತ್ತು' ಎಂದರೆ ಎದೆಪಟ್ಟಿ ಯಾರು ಕಟ್ಟಿದರು ಎನ್ನುತ್ತಾಳೆ.

ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರೂ ಜಹಾಂಗೀರ ಅದನ್ನು ತೆಗೆದು ಕಿವಿಗಿಟ್ಟುಕೊಂಡ. ಭಾಳ ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ.

"ಮೇಡಂ, ಸರ್ ನಮ್ಮಲ್ಲೇ ಅದಾರ್ರಿ. ಕಲ್ಲಿನಾಗ ಸಿಕ್ಕೊಂಡಾರ. ಇಲ್ರಿ, ಜೀವದಿಂದ ಅದಾರ್ರಿ."

ಆಕೆ ಆಗಲೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದಳು. ಆಟೋದಿಂದ ಇಳಿದು ಬಂದವಳು ನನ್ನನ್ನು ನೋಡಿದಳು, ಸಂದಿಯೊಳಗೆ ಹೋದ ನನ್ನ ಕೈ ನೋಡಿದಳು.

"ಒಳಗೇನದ?"

"ಮಲಾಯಿ."

ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ. ತೊಟ್ಟಿಲ ಮನೆಯ ಗುಗ್ಗರಿಯ ಚೀಲವನ್ನು ಕೆಳಗಿಟ್ಟು, ರೇಷ್ಮೆ ಸೀರೆಯಲ್ಲೇ ಕಲ್ಲುಪುಡಿಯ ಮೇಲೆ ಮೊಣಕಾಲೂರಿ, "ಮಲಾಯೀ, ಬಾರವ್ವ" ಎಂದು ಸಂದಿಯೊಳಗೆ ಕರೆದಳು. ಮತ್ತೆ ಕರೆದಳು. ಒಳಗೆ ಸದ್ದಿಲ್ಲ. ಆ ಹೊತ್ತಿನಲ್ಲಿ ನನಗೆ ಆಕೆಯ ಮುಖ ನೋಡುವ ಧೈರ್ಯವಾಗಲಿಲ್ಲ, ಕಲ್ಲನ್ನೇ ನೋಡುತ್ತಿದ್ದೆ.

ಆಗ ಜಹಾಂಗೀರನ ಹೆಂಡತಿ ಶಹರಬಾನು ಗಲಾಟೆ ಕೇಳಿ ಮನೆಯೊಳಗಿಂದ ಬಂದಳು. ಕೈಯಲ್ಲೊಂದು ಡಬ್ಬಿ. ವಿಷಯ ತಿಳಿದವಳೇ ಡಬ್ಬಿಯ ಮುಚ್ಚಳ ಬಡಿದು, "ಶಹಜಾದಿ, ಆಜಾ" ಎಂದಳು.

ಹಗ್ಗ ಜಗ್ಗಿತು. ಸಾಲಿನ ಆಚೆ ಬದಿಯಿಂದ ಮಲಾಯಿಯ ಮುಖ ಮೂಡಿತು, ಮೀಸೆ ತುಂಬ ಕಲ್ಲುಪುಡಿ. ಶಹರಬಾನು ಬಗ್ಗಿ ಎದೆಪಟ್ಟಿ ಬಿಚ್ಚಿ, ಡಬ್ಬಿಯನ್ನು ಅದರ ಮುಂದಿಟ್ಟಳು. ಹಗ್ಗ ಸಡಿಲಾಗಿ ನನ್ನ ಕೈ ಹೊರಗೆ ಬಂತು. ಯಾರೂ ನನ್ನ ಕಡೆ ನೋಡಲಿಲ್ಲ.

"ನಾವು ಇದಕ್ಕ ಶಹಜಾದಿ, ರಾಜಕುಮಾರಿ ಅಂತ ಕರೀತೀವ್ರಿ ಅಕ್ಕಾ," ಎಂದಳು ಶಹರಬಾನು. "ನೀವಿಬ್ರೂ ಸಾಲಿಗಿ ಹೋದ ಮ್ಯಾಲ ದಿನಾ ಬರ್ತದಲ್ರಿ, ನಿಮ್ಮ ಬಚ್ಚಲ ಕಿಂಡ್ಯಾಗಿಂದ. ಹಗ್ಗ ಇಲ್ದಿದ್ರ ನಾಯಿಗೋಳು ಇದನ್ನ ಕಂಡ್ರ ಬಾಜೂಕ ಸರೀತಾವ."

"ದಿನಾ?" ಎಂದಳು ಸುಜಾತಾ. ಡಬ್ಬಿಯನ್ನು ನೋಡಿ, "ಏನ್ ಹಾಕ್ತೀರಿ ಅದಕ್ಕ?" ಎಂದು ಕೇಳಿದಳು.

ಶಹರಬಾನು ಗಂಡನ ಮುಖ ನೋಡಿದಳು. ಗಂಡ ಆಕಾಶ ನೋಡಿದ.

"ನಮ್ಮನ್ಯಾಗ ಏನ್ ಮಾಡಿರ್ತೀವಿ, ಅದೇರಿ ಅಕ್ಕಾ."

ನಮ್ಮ ಮನೆಯಲ್ಲಿ ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಸುಜಾತಾ ಡಬ್ಬಿಯೊಳಗೆ ಮುಳುಗಿದ ಆ ಬಿಳಿ ತಲೆಯನ್ನು ನೋಡುತ್ತ ಕಣ್ಣೊರೆಸಿಕೊಂಡು, "ಉಣ್ಣಲಿ ಬಿಡ್ರಿ" ಎಂದಳು.

ಮನೆಗೆ ಮರಳುವಾಗ ಮಲಾಯಿ ಬಾಲ ಎತ್ತಿ ಮುಂದೆ, ನಡುವೆ ಸುಜಾತಾ, ಚೀಲ ಹೊತ್ತ ನಾನು ಹಿಂದೆ. ಬಾಗಿಲ ಹತ್ತಿರ ಬಂದಾಗ ಆಕೆ ಮೊದಲ ಸಲ ನನ್ನತ್ತ ತಿರುಗಿದಳು.

"ಬೆಕ್ಕು ಇನ್ನ ತನಗ ಬೇಕಾದಾಗ ಹೋಗ್ಲಿ, ಬರ್ಲಿ. ಅದಕ್ಕ ಬುದ್ಧಿ ಅದ. ನೀವು ಮಾತ್ರ ಹೊರಗ ಹೋಗೋದಿದ್ರ ನನಗ ಹೇಳಿ ಹೋಗ್ರಿ."