ನಮ್ಮ ಮನೆಯ ಶುದ್ಧ ಅರೆಭಾಷೆ

ವ್ಯವಸ್ಥಿತವಾಗಿ ಮಾಡಿದ ಕೆಲಸ ಕೆಡಲು ಸಾಧ್ಯವೇ ಇಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಬೆಳಗಾಗುವ ಮುಂಚೆ ಗಂಟೆ, ಗಂಟೆಯ ಹಿಂದೆಯೇ ಪ್ರಾರ್ಥನೆ, ಊಟದ ನಂತರ ದೀಪ ಬಂದ್. ಮಡಿಕೇರಿ ಬಳಿಯ ಗಾಳಿಬೀಡಿನ ನಮ್ಮ ಮನೆಗೆ ವಾಪಸಾದಾಗ ಆ ಗಂಟೆಯೊಂದನ್ನು ಅಲ್ಲೇ ಬಿಟ್ಟು ಉಳಿದದ್ದೆಲ್ಲವನ್ನೂ ಜೊತೆಗೆ ತಂದಿದ್ದೆ.

ಹೋದ ವರ್ಷ ಮಡಿಕೇರಿಯಲ್ಲಿ ನಮ್ಮ ಮಹಿಳಾ ಸಂಘದ ಸಭೆಗೆ ನಿವೇದಿತಾ ಎಂಬ ಹುಡುಗಿ ಬಂದಳು. ಹಾಸನದ ಕಡೆಯವಳು, ಎಂ.ಎ. ವಿದ್ಯಾರ್ಥಿನಿ. ಅಸ್ಮಿತೆ, ಸಮುದಾಯ ಅಭಿವೃದ್ಧಿ, ಭಾಷೆ ಈ ಮೂರನ್ನೂ ಒಂದೇ ಪ್ರಬಂಧದಲ್ಲಿ ಕಟ್ಟಿಹಾಕುವ ಹೊಣೆ ಪಾಪ ಆ ಸಣ್ಣ ಹೆಗಲಿನ ಮೇಲಿತ್ತು. ಕೊಡಗಿನ ಗೌಡರು ತಮ್ಮ ಅರೆಭಾಷೆಯನ್ನು ಮನೆಯೊಳಗೆ ಹೇಗೆ ಮಾತಾಡುತ್ತಾರೆ ಎಂದು ಅವಳು ಕೇಳಿಸಿಕೊಳ್ಳಬೇಕು. ಆದರೆ ಅವಳು ಯಾವ ಮನೆಯ ಮೆಟ್ಟಿಲು ಹತ್ತಿದರೂ ಮನೆಯವರೆಲ್ಲ ಕನ್ನಡಕ್ಕೆ ಹೊರಳಿಬಿಡುತ್ತಿದ್ದರಂತೆ. ಹೊರಳದೆ ಏನು ಮಾಡುತ್ತಾರೆ? ಬಂದವರಿಗೆ ಮೊದಲು ಕಾಫಿ, ಜೊತೆಗೆ ಅವರ ಭಾಷೆ. ಅದು ನಮ್ಮ ಕಡೆಯ ಮರ್ಯಾದೆ. ಹಾಗಾಗಿ ರೆಕಾರ್ಡರನ್ನು ಒಂದು ಮನೆಯಲ್ಲಿ ಇಡೀ ದಿನ ಇಟ್ಟು, ತಾನು ಆ ಕಡೆ ತಲೆಯೇ ಹಾಕದಿರುವುದು ಅವಳ ಹೊಸ ಉಪಾಯ. ಇದೂ ಕೈಕೊಟ್ಟರೆ ಭಾಷೆಯ ಅಧ್ಯಾಯವೇ ಇಲ್ಲ, ಅಧ್ಯಾಯ ಇಲ್ಲದಿದ್ದರೆ ಈ ವರ್ಷ ಪದವಿಯೂ ಇಲ್ಲ ಎಂದು ಅವಳ ಗೈಡ್ ಖಡಾಖಂಡಿತವಾಗಿ ಹೇಳಿದ್ದರು.

ನಾನು ಕೈ ಎತ್ತಿದೆ. ನಮ್ಮ ಮನೆಯಲ್ಲಿ ಶುದ್ಧ ಅರೆಭಾಷೆಯ ಹೊರತು ಬೇರೊಂದು ನುಡಿ ಕೇಳುವುದಿಲ್ಲ ಎಂದು ಸಭೆಗೆ ತಿಳಿಸಿದೆ. ಶುದ್ಧ ಕನ್ನಡದಲ್ಲಿ ತಿಳಿಸಿದೆ.

ಮನೆಗೆ ಮರಳುವ ಬಸ್ಸಿನಲ್ಲಿ ಸಣ್ಣದೊಂದು ಸಂಶಯ ಮೂಡಿತು. ಸೊಸೆ ರೇಖಾ ಕುಶಾಲನಗರದ ಕನ್ನಡದ ಮನೆಯವಳು, ಅವಳ ಜೊತೆ ನನ್ನದು ಕನ್ನಡ. ಮನೆಬಾಗಿಲಿಗೆ ಮೀನು ತರುವ ಹಂಸನ ಜೊತೆ ಮಲಯಾಳ. ಮಗ ಬೆಳಿಗ್ಗೆ ಹೊರಟರೆ ರಾತ್ರಿಯೇ ಬರುವುದು. ಉಳಿದವರು ನನ್ನ ಯಜಮಾನರು ಬೆಳ್ಯಪ್ಪ. ಅವರು ಮಾತಾಡುವುದಿಲ್ಲ. ‘ಹೂಂ’ ಎನ್ನುತ್ತಾರೆ, ತೀರಾ ಒತ್ತಾಯಿಸಿದರೆ ‘ಆಯ್ತು’ ಎನ್ನುತ್ತಾರೆ. ಮದುವೆಯಾದಂದಿನಿಂದ ಅವರ ಶಬ್ದಭಂಡಾರ ಇಷ್ಟೇ ಎಂದು ನಾನು ತಿಳಿದಿದ್ದೆ.

ರೆಕಾರ್ಡರ್ ಕೊಡಲು ಬಂದ ನಿವೇದಿತಾ ಒಂದೇ ಮಾತನ್ನು ಒತ್ತಿ ಒತ್ತಿ ಹೇಳಿದಳು. ‘ಏನೂ ವಿಶೇಷ ಮಾಡ್ಬೇಡಿ ಆಂಟಿ. ದಿನಾ ಹೇಗಿರ್ತೀರೋ ಹಾಗೇ ಇರಿ.’

ಹಾಸ್ಟೆಲಿಗೆ ತಪಾಸಣೆಗೆ ಬರುತ್ತಿದ್ದ ಅಧಿಕಾರಿಗಳೂ ಇದನ್ನೇ ಹೇಳುತ್ತಿದ್ದರು. ಅದನ್ನು ನಂಬಿ ಏನೂ ಮಾಡದ ವಾರ್ಡನ್‌ಗಳಿಗೆ ಆಮೇಲೆ ನೋಟಿಸು ಬರುತ್ತಿತ್ತು. ನನಗೆ ಒಂದೂ ಬಂದಿರಲಿಲ್ಲ. ನಾನು ಅಂದು ಸಂಜೆಯೇ ವೇಳಾಪಟ್ಟಿ ಸಿದ್ಧಪಡಿಸಿದೆ. ತಿಂಡಿಯ ಹೊತ್ತಿಗೆ ಅಡುಗೆಯ ಮಾತು, ಆಮೇಲೆ ಕೃಷಿಯ ಮಾತು, ಊಟಕ್ಕೆ ಕೂತಾಗ ನಮ್ಮ ಹಬ್ಬ ಮತ್ತು ಸಂಸ್ಕೃತಿ. ಸೂರ್ಯ ಮುಳುಗುವವರೆಗೆ ಈ ಮನೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ನಿಷಿದ್ಧ ಎಂದು ಘೋಷಿಸಿದೆ.

‘ನಂಗೆ ಬರೋದೇ ಇಲ್ವಲ್ಲ ಅತ್ತೆ,’ ಎಂದಳು ರೇಖಾ.

ಬಂದಷ್ಟು ಆಡು, ಬಾರದ್ದನ್ನು ಬಿಡು ಎಂದೆ. ಯಜಮಾನರನ್ನು ಕೇಳಿದೆ. ‘ಹೂಂ’ ಎಂದರು.

ಮಾರನೆಯ ಬೆಳಿಗ್ಗೆ ಜಗಲಿಯ ಕಿಟಕಿಯಲ್ಲಿ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದೆ. ನಮ್ಮ ಮನೆಯ ಇತಿಹಾಸದಲ್ಲೇ ಇಲ್ಲದಂಥ ಮೌನ ಶುರುವಾಯಿತು!

ರೇಖಾ ಬಾರದ್ದನ್ನು ಬಿಟ್ಟಳು, ಎಂದರೆ ಎಲ್ಲವನ್ನೂ ಬಿಟ್ಟಳು. ಪಲ್ಯ ಬೇಕೇ ಎಂದು ಸೌಟು ಎತ್ತಿ ತೋರಿಸಿದಳು, ಗ್ಯಾಸ್ ಮುಗಿದದ್ದನ್ನು ಕೈಯಲ್ಲೇ ಅಭಿನಯಿಸಿದಳು. ಯಜಮಾನರಿಗೆ ಕಷ್ಟವೇ ಆಗಲಿಲ್ಲ. ಅವರು ಮರದ ಕುಂಟೆ ಹಿಡಿದು ಜಗಲಿಯ ಮುಂದಿನ ಕಣದಲ್ಲಿ ಒಣಹಾಕಿದ ಕಾಫಿ ಹರಡಲು ನಡೆದರು. ಉಳಿದವಳು ನಾನೊಬ್ಬಳೇ. ಅಡುಗೆಯ ಬಗ್ಗೆ ಪ್ರಶ್ನೆ ಕೇಳಿ, ಉತ್ತರವನ್ನೂ ನಾನೇ ಕೊಟ್ಟೆ. ಕೃಷಿಯ ಬಗ್ಗೆ ಕಿಟಕಿಯ ಮುಂದೆ ನಿಂತು ಭಾಷಣ ಮಾಡಿದೆ. ವಾರ್ತೆ ಓದುವವರ ಧ್ವನಿಯಲ್ಲಿ ಮನೆಯೊಳಗೆ ಅರೆಭಾಷೆ ಆಡಿದವರು ಇನ್ನೂ ಯಾರೂ ಇರಲಿಕ್ಕಿಲ್ಲ. ನನ್ನ ಕಿವಿಗೇ ಅದು ಬೇರೆ ಯಾರದೋ ಮನೆಯ ಮಾತಿನಂತೆ ಕೇಳಿತು.

ಅಷ್ಟರಲ್ಲಿ ಮೀನಿನ ಹಂಸನ ಹಾರ್ನ್. ನಿಯಮ ಎಂದರೆ ನಿಯಮ. ಮತ್ತಿ ಮೀನು ಎಷ್ಟು, ತಾಜಾ ಉಂಟೋ ಇಲ್ಲವೋ ಎಂದು ಅರೆಭಾಷೆಯಲ್ಲೇ ವಿಚಾರಿಸಿದೆ. ವರ್ಷಗಟ್ಟಲೆ ಮಲಯಾಳದಲ್ಲಿ ಚೌಕಾಸಿ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಹೀಗಾದದ್ದು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ. ರೇಖಾಳ ಬಳಿ ಹೋಗಿ ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಕೇಳಿದ: ‘ಅಮ್ಮನಿಗೆ ಸೌಖ್ಯ ಇಲ್ವಾ?’

ರೇಖಾ ಮಾತಾಡುವಂತಿರಲಿಲ್ಲ. ಸುಮ್ಮನೆ ತಲೆಯಾಡಿಸಿದಳು. ಚೌಕಾಸಿಗೂ ನಿಲ್ಲದೆ ಅವನು ಮೀನು ಕೊಟ್ಟು ಹೋದ. ಸಂಜೆಯೊಳಗೆ ಇಡೀ ಗಾಳಿಬೀಡಿಗೆ ನನ್ನ ಆರೋಗ್ಯದ ಸುದ್ದಿ ತಲುಪಿತ್ತು.

ಊಟದ ಹೊತ್ತಿನ ಸಂಸ್ಕೃತಿಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮೂವರು ಕೂತು ಮತ್ತಿಯ ಮುಳ್ಳು ಬಿಡಿಸುವ ಸದ್ದು ಸ್ಪಷ್ಟವಾಗಿ ದಾಖಲಾಗಿದೆಯಂತೆ.

ನಾಲ್ಕು ಗಂಟೆಯಾಯಿತು. ನಾಲ್ಕಕ್ಕೆ ನನ್ನ ವಾಕಿಂಗ್. ಪ್ರಪಂಚದ ಯಾವ ಸಂಶೋಧನೆಗೂ ಅದನ್ನು ತಪ್ಪಿಸುವವಳು ನಾನಲ್ಲ. ರೇಖಾ ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದಳು, ಯಜಮಾನರು ಕಣದಲ್ಲಿದ್ದರು. ಇನ್ನು ರೆಕಾರ್ಡ್ ಆಗಲು ಏನಿದೆ ಎಂದುಕೊಂಡು, ಗುಂಡಿ ಬಂದ್ ಮಾಡುವುದನ್ನೂ ಮರೆತು ಹೊರಟೆ. ಕತ್ತಲಾಗುವ ಹೊತ್ತಿಗೆ ನಿವೇದಿತಾ ಬಂದು ರೆಕಾರ್ಡರ್ ಕೊಂಡುಹೋದಳು. ಆ ಮಗುವಿನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವಳ ಪದವಿಯನ್ನು ನಾನೇ ಕೈಯಾರೆ ಮುಳುಗಿಸಿದೆ ಎಂದು ಖಚಿತವಾಗಿತ್ತು.

ಕೆಲವು ದಿನಗಳಾದ ಮೇಲೆ ಅವಳ ಫೋನು ಬಂತು. ದನಿಯಲ್ಲಿ ಸಂಭ್ರಮ. ಒಳ್ಳೆಯ ಮಾತುಕತೆ ಸಿಕ್ಕಿದೆ, ಕೆಲವು ಪದಗಳ ಅರ್ಥ ನಿಮ್ಮಿಂದಲೇ ಆಗಬೇಕು ಎಂದಳು. ನಾನು ತಕ್ಷಣ ನನ್ನ ಕೃಷಿಯ ಭಾಷಣವನ್ನು ನೆನೆದೆ. ಒಳ್ಳೆಯ ಸೀರೆ ಉಟ್ಟು ಕೂತೆ.

ಅವಳು ಬಂದು ಇಯರ್‌ಫೋನನ್ನು ನನ್ನ ಕಿವಿಗಿಟ್ಟಳು. ಗೇಟು ಮುಚ್ಚಿದ ಸದ್ದು. ನಂತರ ಒಂದು ತುಂಬು ಗಂಡಸಿನ ದನಿ:

‘ಬಾ ಬಾವ. ಅದ್ ಹೋತ್.’

ನಮ್ಮ ಮಾತಿನಲ್ಲಿ ಹೆಂಗಸರನ್ನೂ ‘ಅದು’ ಎನ್ನುವುದು ವಾಡಿಕೆ. ಹೋದ ‘ಅದು’ ನಾನು. ಬಂದ ಬಾವ ಪಕ್ಕದ ಮನೆಯ ಕುಶಾಲಪ್ಪ. ದನಿ ನನ್ನ ಯಜಮಾನರದ್ದು! ನಿಜ ಹೇಳಬೇಕೆಂದರೆ, ಮೊದಲು ನನಗೆ ಗುರುತೇ ಹತ್ತಲಿಲ್ಲ.

ಆಮೇಲಿನದೆಲ್ಲ ನಿರರ್ಗಳ. ಗಾದೆ, ಉಪಮೆ, ಅಣಕ, ನಡುನಡುವೆ ನನ್ನ ನಡಿಗೆಯ ಅನುಕರಣೆ ಇರಬೇಕು, ಏಕೆಂದರೆ ಕುಶಾಲಪ್ಪ ನಗುತ್ತಾ ಕೆಮ್ಮುವುದು ಕೇಳುತ್ತಿತ್ತು. ಕನ್ನಡಕ್ಕೆ ತಂದರೆ ಸಾರಾಂಶ ಹೀಗೆ. ಇದು ಹಾಸ್ಟೆಲು ಬಿಟ್ಟಿತು, ಹಾಸ್ಟೆಲು ಇದನ್ನು ಬಿಡಲಿಲ್ಲ. ಕಣದ ಕಾಫಿಗಾದರೂ ಬಿಸಿಲು ಬಂದಾಗ ಮೈಚಾಚುವ ಸ್ವಾತಂತ್ರ್ಯ ಉಂಟು, ತನಗೆ ಇಲ್ಲ. ಇವತ್ತು ಬಾಯಿಗೂ ಬೀಗ ಬಿದ್ದಿದೆ, ನಾಳೆ ಮೂಗಿನ ಸರದಿ.

ನಿವೇದಿತಾ ಪೆನ್ನು ಹಿಡಿದು, ಅಂಕಲ್ ಬಳಸಿದ ಈ ಪದದ ಅರ್ಥವೇನು, ಇದನ್ನು ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂದು ಒಂದೊಂದಾಗಿ ಕೇಳಿದಳು. ವಿದ್ಯಾರ್ಥಿನಿ ಕೇಳಿದರೆ ಹೇಳದಿರುವುದು ನನ್ನ ಜಾಯಮಾನವಲ್ಲ. ‘ಜಂಬದವಳು’, ‘ಹಟಮಾರಿ’, ‘ಕೋಳಿಗೂ ಪಾಠ ಹೇಳುವವಳು’ ಎಂದು ಅರ್ಥ ಹೇಳುತ್ತಾ ಹೋದೆ. ಉದಾಹರಣೆ ವಾಕ್ಯಗಳು ಬೇಕಾಗಲಿಲ್ಲ.

ಕೊನೆಯಲ್ಲಿ ಯಜಮಾನರು ಕುಂಟೆ ಒರಗಿಸಿಟ್ಟ ಸದ್ದು, ಒಂದು ನಿಟ್ಟುಸಿರು. ‘ಅದು’ ಒಂದು ದಿನ ಮನೆಯಲ್ಲಿ ಇಲ್ಲದಿದ್ದರೆ ಯಾವ ಹೊತ್ತಿಗೆ ಹಸಿವಾಗಬೇಕೆಂದೇ ತನಗೆ ತಿಳಿಯುವುದಿಲ್ಲ ಎಂದರು.

‘ಇದನ್ನ ದೂರು ಅಂತ ಬರೀಲಾ, ಪ್ರೀತಿ ಅಂತ ಬರೀಲಾ ಆಂಟಿ?’

ನಾನು ಇಯರ್‌ಫೋನನ್ನು ಕಿವಿಯಿಂದ ತೆಗೆದು ಅವಳ ಕೈಗಿಟ್ಟೆ.

ನಂತರ ಅವಳು ಪೆನ್ನು ಕೆಳಗಿಟ್ಟಳು. ಯಜಮಾನರೂ ಕುಶಾಲಪ್ಪನೂ ಇದನ್ನು ಬಳಸಲು ಆಗಲೇ ಒಪ್ಪಿದ್ದರಂತೆ, ಕುಶಾಲಪ್ಪನಂತೂ ಬಹಳ ಸಂತೋಷದಿಂದ. ಆದರೆ ಮಾತಿನ ತುಂಬ ನಾನೇ ಇರುವುದರಿಂದ ನಾನು ಬೇಡವೆಂದರೆ ಅಳಿಸುತ್ತಾಳೆ. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ರೆಕಾರ್ಡರ್ ಇಡಲು ಬೇರೆ ಮನೆ ಅವಳಿಗೆ ಸಿಕ್ಕಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಜಗಲಿಯಾಚೆ ಯಜಮಾನರ ಕುಂಟೆಯ ಸದ್ದು ನಿಂತಿತ್ತು.

‘ಇಟ್ಕೋ. ಆದ್ರೆ ಒಂದಕ್ಷರ ತಪ್ಪಿಲ್ಲದೆ ಬರಿ,’ ಎಂದೆ.

ಕುಂಟೆಯ ಸದ್ದು ಮತ್ತೆ ಶುರುವಾಯಿತು.

ನಿವೇದಿತಾಳಿಗೆ ಪದವಿ ಬಂತು. ನಮ್ಮ ಭಾಷೆಯ ಸಹಜ ಸೊಗಸಿಗೆ ಮಾದರಿಯೆಂದು ಆ ಸಂಜೆಯ ಸಂಭಾಷಣೆ ಪ್ರಬಂಧದಲ್ಲಿದೆ. ನನ್ನ ಹೆಸರನ್ನು ಮರೆಮಾಚಿ ‘ಶಿಸ್ತಿನ ಗೃಹಿಣಿ’ ಎಂದಷ್ಟೇ ಹಾಕಿದ್ದಾಳೆ. ಗಾಳಿಬೀಡಿನಲ್ಲಿ ಅದನ್ನು ಓದಿ ಗುರುತು ಹಿಡಿಯದವರು ಯಾರೂ ಇಲ್ಲ. ಈಗ ಅವಳು ಇದೇ ವಿಷಯದಲ್ಲಿ ಪಿಎಚ್‌.ಡಿ.ಗೆ ಹೊರಟಿದ್ದಾಳೆ, ಇನ್ನಷ್ಟು ಮಾತುಕತೆ ಬೇಕಂತೆ. ಆದ್ದರಿಂದ ನಾನು ವಾಕಿಂಗನ್ನು ಒಂದು ಸುತ್ತು ಹೆಚ್ಚಿಸಿದ್ದೇನೆ. ಅರೆಭಾಷೆಯ ಉಳಿವಿಗೆ ನಿಮ್ಮ ಕೊಡುಗೆ ಏನೆಂದು ಸಂಘದಲ್ಲಿ ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತೇನೆ: ಮನೆಯಲ್ಲಿ ಇಲ್ಲದಿರುವುದು.