ನನ್ನ ಕೋವಿಯ ಗುರಿ ಸರಿಹೋಗಿರುವ ಬಗ್ಗೆ

ಇಂದ,
ನೆದೆಲ್ಚೊ ಕರಾಜೊವ್,
ಅಮಾನತಾದ ಸದಸ್ಯ, ಬೇಟೆಗಾರರ ಸಂಘ,
ಗೋರ್ನೊ ಬುಕೊವೊ, ರೊಡೋಪಿ ಬೆಟ್ಟಗಳು, ಬಲ್ಗೇರಿಯ.

ಗೆ,
ಮಾನ್ಯ ಸ್ಪಾಸ್ ದೆಲಿಯೆವ್,
ಅಧ್ಯಕ್ಷರು, ಅದೇ ಸಂಘ, ಅದೇ ಊರು.

ವಿಷಯ: ಅಮಾನತು ರದ್ದುಪಡಿಸಿ ಭಾನುವಾರದ ಹಂದಿ ಬೇಟೆಗೆ ನನ್ನನ್ನು ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ: ನಿನ್ನೆ ಗುರಿ ಮೈದಾನದಲ್ಲಿ ತಾವು ಮೌಖಿಕವಾಗಿ ಹೊರಡಿಸಿದ "ತೊಲಗಾಚೆ" ಎಂಬ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಶರತ್ಕಾಲದಲ್ಲಿ ನಾನು ಹೊಸ ಕೋವಿ ಕೊಂಡೆ. ಮೊದಲ ಗುಂಡಿಗೇ ಅದು ಹಿಂದಕ್ಕೊದ್ದು, ಮೇಲಿನ ದುರ್ಬೀನು ಹುಬ್ಬಿಗೆ ಬಡಿದು ರಕ್ತ ಬಂತು. ಅಂದಿನಿಂದ ಗುರಿ ಕೆಟ್ಟಿತು. ಹಂದಿಗೆಂದು ಹೊಡೆದದ್ದು ಪೈನ್ ಮರಕ್ಕೆ ತಗುಲಿತು, ಆಮೇಲೊಂದು ತಮ್ಮ ರಕಿಯಾ ಸಾರಾಯಿಯ ಭಟ್ಟಿಗೆ ತಗುಲಿತು. ಸೋರಿದ್ದನ್ನೆಲ್ಲ ನೆಕ್ಕಿದ ತಮ್ಮ ನಾಯಿ ಮರುದಿನ ಅಂಚೆಯವನನ್ನು ಕಂಡು ಬಾಲವಾಡಿಸಿದ್ದು ವಿಷಾದನೀಯ. ಆದ್ದರಿಂದ ನನ್ನನ್ನು ಅಮಾನತುಗೊಳಿಸಿ, ಮೂರು ಗುಂಡನ್ನು ಅಂಗೈಯಗಲದೊಳಗೆ ಹೊಡೆದು ತೋರಿಸಿದರೆ ಮಾತ್ರ ವಾಪಸ್ ಎಂದು ತಿಳಿಸಲಾಯಿತು.

2. ಸದರಿ ದೋಷವು ಕೋವಿಯದೇ ಎಂದು ನಂಬಿದ ಕಾರಣ, ದುರ್ಬೀನಿನ ಸಡಿಲ ತಿರುಪುಗಳನ್ನು ಬಿಗಿಮಾಡಿದೆ. ನಳಿಗೆಯೊಳಗಿನ ಕಿಲುಬು ಉಜ್ಜಿದೆ. ತೇವಕ್ಕೆ ಉಬ್ಬಿ ನಳಿಗೆಯನ್ನು ಒತ್ತುತ್ತಿದ್ದ ಮರದ ಹಿಡಿಯನ್ನು ನಡುವೆ ಕಾಗದ ತೂರುವಷ್ಟು ಕೆತ್ತಿದೆ. ಗುಂಡಿನ ತಯಾರಕರನ್ನೂ ಬದಲಿಸಿದೆ. ಕೋವಿ ಪ್ರತಿ ರಿಪೇರಿಯ ನಂತರವೂ ಹೊಸದೊಂದು ದಿಕ್ಕಿಗೆ ತಪ್ಪಿತು.

3. ಹಿತ್ತಲಲ್ಲಿ ಮತ್ತೆ ಗುರಿ ಪರೀಕ್ಷಿಸುತ್ತಿದ್ದಾಗ, ಬೇಲಿಯ ಬಳಿ ಚೆಸ್ಟ್‌ನಟ್ ಸುಲಿಯುತ್ತ ಕೂತಿದ್ದ ಅತ್ತೆ ವೆಲಿಕಾ, "ಕೊಡಿ ಅಳಿಯಂದಿರೇ, ಈ ಸಲ ನಾನು ತುಂಬ್ಕೊಡ್ತೀನಿ" ಎಂದು ಖಾಲಿ ತೋಟಾ ತುಂಬಿಕೊಟ್ಟರು. ನನಗದು ತಿಳಿಯದು. ಕೋವಿಯ ಕುದುರೆ ಎಳೆದೆ. ಬರೀ 'ಠಕ್' ಎಂದಿತು. ಆದರೂ ನಾನು ಭುಜ ಕೊಡವಿ, ಹಿಂದಕ್ಕೆ ಹಾರಿ, ಎಲೆಕೋಸಿನ ಪೀಪಾಯಿಯ ಮೇಲೆ ಕುಸಿದೆ.

"ಗುಂಡೇ ಇಲ್ವಲ್ರೀ! ಯಾರು ಒದ್ರು ನಿಮ್ಗೆ?" ಎಂದು ಅತ್ತೆ ಹಿಮದಲ್ಲಿ ಉರುಳಾಡಿ ನಕ್ಕರು.

"ಎರಡೂ ಕಣ್ಣು ಮುಚ್ಕೊಂಡಿದ್ರಿ. ಮದುವೆ ದಿನ ಮುತ್ತು ಕೊಡುವಾಗ್ಲೂ ಹೀಗೇ ಮಾಡಿದ್ರಿ. ಅವತ್ತೂ ಗುರಿ ತಪ್ತು" ಎಂದಳು ಹೆಂಡತಿ ರುಸ್ಕಾ.

4. ಆದ್ದರಿಂದ ಖಾಲಿ ಕೋವಿಯ ತುದಿಯ ಮೇಲೆ ಅಂಗಿಯ ಗುಂಡಿಯೊಂದನ್ನಿಟ್ಟು, ಅದು ಬೀಳದಂತೆ ಕುದುರೆ ಎಳೆಯುವ ಅಭ್ಯಾಸ ಆರಂಭವಾಯಿತು. ನಾನು ಕಣ್ಣು ಮುಚ್ಚಿದಾಗಲೆಲ್ಲ ಅತ್ತೆ ಬಾಣಲಿ ಬಾರಿಸಿದರು. ನೆರೆಯವರು ದೂರು ಕೊಟ್ಟರು. ಕೊನೆಗೆ ನಿಜವಾದ ಗುಂಡು ಹಾರಿಸಿದ ದಿನ ನಳಿಗೆಯ ಬಾಯಲ್ಲಿ ಬೆಂಕಿ ಅರಳಿದ್ದು ನನಗೆ ಕಂಡಿತು! ಈ ಕೋವಿ ಕೊಂಡಂದಿನಿಂದ ಒಮ್ಮೆಯೂ ಕಂಡಿರದ ಬೆಂಕಿ. ಕುಣಿದೆ, ಮಾನ್ಯರೇ. ಅತ್ತೆಯನ್ನೂ ಎತ್ತಿಕೊಂಡು ಕುಣಿದೆ.

5. ನಿನ್ನೆ ತಮ್ಮೆದುರು ಮೂರು ಗುಂಡು ಹಾರಿಸಿದೆ. ದಿಮ್ಮಿಗೆ ಅಂಟಿಸಿದ್ದ ಕಾಗದದ ನಟ್ಟನಡುವೆ ಒಂದೇ ತೂತು.

"ಒಂದು ಸಿಕ್ತು. ಇನ್ನೆರಡೆಲ್ಲಿ, ಗಡಿ ದಾಟಿ ಗ್ರೀಸ್ ದೇಶಕ್ಕೆ ಹೋದ್ವಾ?" ಎಂದಿರಿ. ಸಂಘವೆಲ್ಲ ನಕ್ಕಿತು.

"ಮೂರೂ ಅದ್ರಲ್ಲೇ ಹೋಗಿವೆ ಸ್ವಾಮಿ, ತೂತಿನ ಅಂಚು ನೋಡಿ" ಎಂದೆ. ಮೇಲ್ಕಂಡ ಆದೇಶ ಹೊರಟಿದ್ದು ಆಗಲೇ.

"ಹಿಂದಿರೋ ದಿಮ್ಮಿ ಸೀಳ್ಸು ಸ್ಪಾಸ್! ಮೂರು ಗುಂಡು ಉದುರ್ದೆ ಇದ್ರೆ ಕೋವೀನ ನಾನೇ ಹೊಳೆಗೆಸೀತೀನಿ!" ಎಂದು ಜೊತೆಗೆ ಬಂದಿದ್ದ ಅತ್ತೆ ಗುಡುಗಿದರು. ತಾವು ಒಪ್ಪಿದಿರಿ. ಆದರೆ ನಾವು ಗರಗಸ ತರುವಷ್ಟರಲ್ಲಿ ದಿಮ್ಮಿ ಮಾಯ. ವಿಚಾರಿಸಲಾಗಿ, ತಮ್ಮ ಶ್ರೀಮತಿಯವರು ಅದನ್ನು ಸೌದೆಗೆಂದು ಎಳೆದೊಯ್ದಿರುವುದು ತಿಳಿದುಬಂತು.

ಆದ್ದರಿಂದ ಸದರಿ ದಿಮ್ಮಿಯನ್ನು ಎಲ್ಲರ ಸಮಕ್ಷಮ ಸೀಳಿಸಿ, ನನ್ನ ಅಮಾನತು ರದ್ದುಪಡಿಸಬೇಕಾಗಿ ಕೋರುತ್ತೇನೆ.

ಎರಡೂ ಕಣ್ಣು ತೆರೆದಿರುವ ತಮ್ಮ ವಿಶ್ವಾಸಿ,
ನೆದೆಲ್ಚೊ ಕರಾಜೊವ್

ಲಗತ್ತುಗಳು:
1. ತೂತಾದ ಕಾಗದ.
2. ಗರಗಸ (ಹಿಂತಿರುಗಿಸತಕ್ಕದ್ದು).
3. ಅತ್ತೆ, ಕೊಡಲಿ ಸಹಿತ. ತಮ್ಮ ಬಾಗಿಲಲ್ಲಿ ನಿಂತಿದ್ದಾರೆ.

ವಿ.ಸೂ.: ತಮ್ಮ ಹೊಗೆಗೂಡಿನಿಂದ ಹೊಗೆ ಏಳುತ್ತಿರುವುದು ನಮ್ಮ ಕಿಟಕಿಗೆ ಕಾಣುತ್ತಿದೆ. ಕಾರಣ, ಈ ಅರ್ಜಿಯನ್ನು ಪರಿಶೀಲಿಸುವ ಮುನ್ನ ಒಲೆಯನ್ನು ಪರಿಶೀಲಿಸಬೇಕಾಗಿ ವಿನಂತಿ.